ಕಾವು ಕಾಯುವ ಪೆಟ್ಟಿಗೆ

ಇಂಗ್ಲೆಂಡಿನ ಮ್ಯಾಂಚೆಸ್ಟರ್ ನಗರದ ಮಗ್ಗುಲಲ್ಲಿರುವ ಸಾಲ್ಫರ್ಡಿನಲ್ಲಿ, ಬಿಯರು ತಯಾರಿಸುವ ಸ್ಥಿತಿವಂತ ಮನೆತನವೊಂದರಲ್ಲಿ, 1818ರಲ್ಲಿ ಜೇಮ್ಸ್ ಪ್ರೆಸ್ಕಾಟ್ ಜೌಲ್ ಹುಟ್ಟಿದನು. ಶಕ್ತಿಯ ಮಾನಕ್ಕೆ ಇಂದು ನಾವು ಇಟ್ಟುಕೊಂಡಿರುವ ಹೆಸರು ಅವನದೇ. ಮನೆತನದ ಕಾರ್ಖಾನೆಯ ಕೆಲಸವನ್ನು ನೋಡಿಕೊಳ್ಳುತ್ತಲೇ ಪ್ರಯೋಗಗಳನ್ನು ನಡೆಸುತ್ತಿದ್ದ ಈ ತರುಣನು, ತಂತಿಯಲ್ಲಿ ವಿದ್ಯುತ್ತು ಹರಿದಾಗ ಹುಟ್ಟುವ ಶಾಖವು ಪ್ರವಾಹದ ವರ್ಗಕ್ಕೂ ತಂತಿಯ ರೋಧಕ್ಕೂ ಅನುಪಾತದಲ್ಲಿರುವುದೆಂದು 1841ರಲ್ಲಿ ಪ್ರಕಟಿಸಿದನು. ಬಿಯರು ಮಾಡುವವನಿಗೆ ಒಂದೆರಡು ಡಿಗ್ರಿಗಳ ವ್ಯತ್ಯಾಸವೂ ದೊಡ್ಡದು. ಸೂಕ್ಷ್ಮವಾದ ಉಷ್ಣಮಾಪಕಗಳನ್ನು ನಂಬಿ ನಡೆಯುವ ಅಭ್ಯಾಸ ಜೌಲನಿಗೆ ಈ ಕಸುಬಿನಿಂದಲೇ ಬಂದಿರಬೇಕು.

ಅವನು ಕಂಡುಹಿಡಿದ ಆ ನಿಯಮವು ಈಗ ಬಿಯರಿನ ಪಾತ್ರೆಯೊಳಕ್ಕೇ ಮರಳಿ ಬಂದಿದೆ. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಹವ್ಯಾಸಕ್ಕಾಗಿ ಮನೆಯಲ್ಲಿ ಬಿಯರು ಮಾಡುವವರು ಬಹಳ ಮಂದಿ ಇದ್ದಾರೆ. 1978ರಲ್ಲಿ ಅಲ್ಲಿನ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಮಾಡಿದ ಕಾನೂನಿನ ಪ್ರಕಾರ, ಒಬ್ಬ ವಯಸ್ಕನಿರುವ ಮನೆಯಲ್ಲಿ ವರ್ಷಕ್ಕೆ 100 ಗ್ಯಾಲನ್, ಇಬ್ಬರಿದ್ದರೆ 200 ಗ್ಯಾಲನ್ ಬಿಯರನ್ನು ಸ್ವಂತ ಬಳಕೆಗಾಗಿ ತೆರಿಗೆಯಿಲ್ಲದೆ ಮಾಡಿಕೊಳ್ಳಬಹುದು. ಇವರಲ್ಲಿ ಅನೇಕರು ಅನಿಲದ ಒಲೆಯನ್ನು ಬಿಟ್ಟು ವಿದ್ಯುತ್ತನ್ನು ಹಿಡಿದಿದ್ದಾರೆ. ಮೋಟಾರು ಷೆಡ್ಡಿನ ಗೋಡೆಯ ಮೇಲೆ ಒಂದು ಲೋಹದ ಪೆಟ್ಟಿಗೆ. ಅದರ ಮುಖದಲ್ಲಿ ಅಂಕಿಗಳು ಹೊಳೆಯುವ ಕಿಟಕಿಗಳು, ಹಸಿರು ಕೆಂಪು ದೀಪಗಳು, ತಿರುಗಿಸುವ ಗುಬ್ಬಿಗಳು. ಕೆಳಗೆ ಸಾಲಾಗಿ ಮೂರು ಪಾತ್ರೆಗಳು. ನೋಡಿದವರಿಗೆ ಸಣ್ಣದೊಂದು ಕಾರ್ಖಾನೆಯ ನೆನಪಾಗುವುದು. ಈ ನಿಯಂತ್ರಣ ಫಲಕವನ್ನು ರಚಿಸುವುದು ಹೇಗೆಂಬುದೇ ಈ ಲೇಖನದ ವಿಷಯ.

ಒಂದು ಮಾತನ್ನು ಮೊದಲೇ ಹೇಳಿಬಿಡಬೇಕು. ನಮ್ಮ ರಾಜ್ಯದಲ್ಲಿ 1965ರ ಅಬಕಾರಿ ಕಾನೂನಿನಂತೆ ಪರವಾನಗಿಯಿಲ್ಲದೆ ಯಾರೂ ಮದ್ಯವನ್ನು ತಯಾರಿಸುವಂತಿಲ್ಲ. ವಿದ್ಯಾರ್ಥಿಗಳು ಬಿಯರು ಮಾಡಲೆಂದು ನಾವು ಇದನ್ನು ಬರೆಯುತ್ತಿಲ್ಲ. ಕಾಲೇಜಿನ ಭೌತಶಾಸ್ತ್ರದ ಪುಸ್ತಕದಲ್ಲಿ ಬೇರೆ ಬೇರೆ ಅಧ್ಯಾಯಗಳಲ್ಲಿ ಚದರಿಹೋಗಿರುವ ಸಂಗತಿಗಳು ಒಂದೇ ಪೆಟ್ಟಿಗೆಯಲ್ಲಿ ಕೂಡಿಬಂದು ಕೆಲಸ ಮಾಡುವುದನ್ನು ನೋಡಲು ಇದಕ್ಕಿಂತ ಚೆನ್ನಾದ ಉದಾಹರಣೆ ನಮಗೆ ಸಿಕ್ಕಲಿಲ್ಲ.

ಕಾವಿಗೆ ಇಷ್ಟು ಕಾವಲೇಕೆ? ನಮ್ಮ ಮನೆಗಳಲ್ಲಿ ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬಂದ ಮೇಲೆ ಒಣಗಿಸಿ, ಹದವಾಗಿ ಹುರಿದು ಬೀಸಿ, ಎಳೆಯ ಮಕ್ಕಳಿಗೆ ಸರಿ ಮಾಡಿ ತಿನ್ನಿಸುವರಷ್ಟೆ. ಮೊಳಕೆಯ ಹಿಟ್ಟಿನ ಸರಿಯು ಬರಿಯ ರಾಗಿಹಿಟ್ಟಿನ ಗಂಜಿಗಿಂತ ತೆಳುವಾಗಿಯೂ ತುಸು ಸಿಹಿಯಾಗಿಯೂ ಇರುವುದು. ಮೊಳಕೆಯೊಡೆಯುವಾಗ ಕಾಳಿನಲ್ಲಿ ಹುಟ್ಟುವ ಕಿಣ್ವಗಳು ಪಿಷ್ಟವನ್ನು ಕತ್ತರಿಸಿ ಸಕ್ಕರೆಯಾಗಿ ಮಾಡುವುದೇ ಇದಕ್ಕೆ ಕಾರಣ. ಮೊಳಕೆಯ ಬಾರ್ಲಿಯಿಂದ ಇಂಥ ಕಿಣ್ವವನ್ನು 1833ರಲ್ಲಿ ಫ್ರಾನ್ಸಿನ ಪಾಯೆನ್ ಮತ್ತು ಪರ್ಸೋ ಎಂಬಿಬ್ಬರು ಬೇರ್ಪಡಿಸಿದರು. ಬಿಯರಿನ ಮೊದಲ ಹಂತವೂ ಇದೇ: ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು ಒಡೆದು ಬಿಸಿನೀರಿನಲ್ಲಿ ಒಂದು ಗಂಟೆಯ ಕಾಲ ನೆನೆಸಿಡುವುದು.

ಕಾಳಿನಲ್ಲಿರುವ ಮುಖ್ಯವಾದ ಕಿಣ್ವಗಳು ಎರಡು. ಬೀಟಾ ಅಮಿಲೇಸ್ ಎಂಬುದು ಪಿಷ್ಟದ ಸರಪಣಿಯ ತುದಿಯಿಂದ ಎರಡೆರಡೇ ಕೊಂಡಿಗಳನ್ನು ಕಳಚುತ್ತ ಹೋಗಿ, ಯೀಸ್ಟು ಸುಲಭವಾಗಿ ತಿನ್ನಬಲ್ಲ ಸಕ್ಕರೆಯನ್ನು ಕೊಡುವುದು. ಸುಮಾರು 60ರಿಂದ 65 ಡಿಗ್ರಿ ಸೆಂಟಿಗ್ರೇಡಿನಲ್ಲಿ ಅದು ಚುರುಕು. 70 ಡಿಗ್ರಿಯನ್ನು ದಾಟಿದರೆ ಕೆಲವೇ ನಿಮಿಷಗಳಲ್ಲಿ ನಷ್ಟವಾಗುವುದು. ಆಲ್ಫಾ ಅಮಿಲೇಸ್ ಸರಪಣಿಯನ್ನು ಎಲ್ಲೆಂದರಲ್ಲಿ ತುಂಡರಿಸುವುದು. ಅದಕ್ಕೆ 70ರ ಮೇಲಿನ ಕಾವೂ ಹಿತವೇ. ಆದುದರಿಂದ 64 ಡಿಗ್ರಿಯಲ್ಲಿ ನೆನೆಸಿದ ರಸಕ್ಕೂ 69 ಡಿಗ್ರಿಯಲ್ಲಿ ನೆನೆಸಿದ ರಸಕ್ಕೂ ಗುಣದಲ್ಲಿ ಅಂತರ ಕಾಣುವುದು: ಮೊದಲನೆಯದರಿಂದ ತೆಳುವಾದ, ಎರಡನೆಯದರಿಂದ ದಪ್ಪನಾದ ಪಾನೀಯ. ಇದರ ಮೇಲೆ ನಿಂತ ಲೆಕ್ಕವಾದುದರಿಂದ ಫಲಕವು ಒಂದು ಗಂಟೆಯ ಕಾಲ ಉಷ್ಣತೆಯನ್ನು ಅರ್ಧ ಡಿಗ್ರಿಯೊಳಗೆ ಹಿಡಿದಿಡಬೇಕು. ನಾವು 67 ಡಿಗ್ರಿಯನ್ನು ಗುರಿಯಾಗಿ ಇಟ್ಟುಕೊಳ್ಳೋಣ.

ಈಗ ಶಾಖದ ಲೆಕ್ಕ. ಅಮೆರಿಕದ ಹವ್ಯಾಸಿಯು ಒಂದು ಸಲಕ್ಕೆ ಮಾಡುವುದು ಸಾಮಾನ್ಯವಾಗಿ 5 ಗ್ಯಾಲನ್, ಅಂದರೆ ಸುಮಾರು 19 ಲೀಟರ್. ಹೊಟ್ಟು ಹೀರುವ ನೀರು, ಆವಿಯಾಗಿ ಹೋಗುವ ನೀರು ಎಲ್ಲವನ್ನೂ ಸೇರಿಸಿ 30 ಲೀಟರ್ ಬೇಕೆನ್ನೋಣ. ಇದನ್ನು 20 ಡಿಗ್ರಿಯಿಂದ 67ಕ್ಕೆ ಏರಿಸಲು 30ನ್ನು 4.186ರಿಂದಲೂ 47ರಿಂದಲೂ ಗುಣಿಸಬೇಕು. ಬರುವುದು ಸುಮಾರು 5,900 ಕಿಲೊಜೌಲ್. ನೀರು ಕಾಯಿಸುವ ತೊಟ್ಟಿಗಳಿಗಾಗಿ ಅಮೆರಿಕದಲ್ಲಿ ಮಾರುವ ಕಾಯಿಸುವ ಸುರುಳಿಗಳಲ್ಲಿ 240 ವೋಲ್ಟಿಗೆ 5,500 ವಾಟ್ ಕೊಡುವುದು ಬಹಳ ರೂಢಿಯಲ್ಲಿದೆ. ಸೆಕೆಂಡಿಗೆ 5.5 ಕಿಲೊಜೌಲಿನಂತೆ ಅದು ಈ ಕೆಲಸವನ್ನು ಹದಿನೆಂಟು ನಿಮಿಷಗಳಲ್ಲಿ ಮುಗಿಸುವುದು.

ಆ ಸುರುಳಿಯಲ್ಲಿ ಹರಿಯುವ ಪ್ರವಾಹ 5,500ನ್ನು 240ರಿಂದ ಭಾಗಿಸಿದಷ್ಟು, ಎಂದರೆ 22.9 ಆಂಪೇರ್, ಅದರ ರೋಧ ಸುಮಾರು 10.5 ಓಮ್. ಇದೇ ಸುರುಳಿಗೆ 120 ವೋಲ್ಟ್ ಕೊಟ್ಟರೆ ಶಕ್ತಿ ಅರ್ಧವಾಗುವುದೆಂದು ಹೇಳುವ ವಿದ್ಯಾರ್ಥಿಗಳನ್ನು ನಾವು ಕಂಡಿದ್ದೇವೆ. ರೋಧ ಬದಲಾಗಲಿಲ್ಲ, ವೋಲ್ಟೇಜು ಅರ್ಧವಾದಾಗ ಪ್ರವಾಹವೂ ಅರ್ಧವಾಯಿತು, ಎರಡರ ಗುಣಲಬ್ಧವು ಕಾಲುಭಾಗವಾಗಿ 1,375 ವಾಟಿಗೆ ಇಳಿಯುವುದು. ಜೌಲನ ವರ್ಗದ ನಿಯಮವೆಂದರೆ ಇದೇ.

ಅಮೆರಿಕದ ಅನೇಕ ಮನೆಗಳಲ್ಲಿ ಬಟ್ಟೆ ಒಣಗಿಸುವ ಯಂತ್ರಕ್ಕಾಗಿ 240 ವೋಲ್ಟಿನ, 30 ಆಂಪೇರಿನ ಒಂದು ಸಾಕೆಟ್ಟು ಇರುವುದು. ಹವ್ಯಾಸಿಗಳ ಕಣ್ಣು ಬೀಳುವುದು ಅದರ ಮೇಲೆಯೇ. ಮೂರು ಗಂಟೆ ಅಥವಾ ಅದಕ್ಕೂ ಹೆಚ್ಚು ಹೊತ್ತು ಎಡೆಬಿಡದೆ ಹರಿಯುವ ಪ್ರವಾಹವು ಸರ್ಕಿಟ್ಟಿನ ಶಕ್ತಿಯ ನೂರಕ್ಕೆ ಎಂಬತ್ತನ್ನು ಮೀರಬಾರದೆಂದು ಅಲ್ಲಿನ ನಿಯಮ. 30ರಲ್ಲಿ ಎಂಬತ್ತು ಪಾಲು 24 ಆಂಪೇರ್. ನಮ್ಮ ಸುರುಳಿ 22.9ರಲ್ಲಿ ಹೇಗೋ ನುಸುಳಿಕೊಂಡಿತು. ಆದರೆ ನೀರಿನ ಪಾತ್ರೆಗೊಂದು, ಕುದಿಸುವ ಪಾತ್ರೆಗೊಂದು ಎಂದು ಎರಡು ಸುರುಳಿಗಳಿರುವುವು. ಎರಡೂ ಒಟ್ಟಿಗೆ ಹತ್ತಿದರೆ 46 ಆಂಪೇರ್! ಆದುದರಿಂದ ಫಲಕದ ಮುಖದಲ್ಲಿ ಎರಡು ಸ್ವಿಚ್ಚುಗಳನ್ನು ಇಡದೆ, ಮೂರು ಸ್ಥಾನಗಳ ಒಂದೇ ತಿರುಗು ಗುಬ್ಬಿಯನ್ನು ಇಡಬೇಕು: ಎಡಕ್ಕೆ ಒಂದು, ಬಲಕ್ಕೆ ಇನ್ನೊಂದು, ನಡುವೆ ಎರಡೂ ಇಲ್ಲ. ಜಾಗ್ರತೆಯಿಂದಿರಿ ಎಂದು ಚೀಟಿ ಅಂಟಿಸುವುದಕ್ಕಿಂತ, ತಪ್ಪು ಮಾಡಲು ಆಗದಂತೆ ರಚಿಸುವುದು ಮೇಲು.

ಉಷ್ಣತೆಯನ್ನು ಅಳೆಯುವ ಅಂಗ ಯಾವುದು? ಇಂಥ ಫಲಕಗಳಲ್ಲಿ ಹೆಚ್ಚಾಗಿ ಬಳಸುವುದು ಪ್ಲಾಟಿನಮಿನ ರೋಧ ಉಷ್ಣಮಾಪಕವನ್ನು. ಸೊನ್ನೆ ಡಿಗ್ರಿಯಲ್ಲಿ ಅದರ ರೋಧ ಸರಿಯಾಗಿ 100 ಓಮ್; 100 ಡಿಗ್ರಿಯಲ್ಲಿ 138.5, ನಮ್ಮ 67 ಡಿಗ್ರಿಯಲ್ಲಿ 125.9. ಡಿಗ್ರಿಯೊಂದಕ್ಕೆ ಏರುವುದು 0.4 ಓಮಿಗಿಂತ ಸ್ವಲ್ಪ ಕಡಮೆ. ಇಲ್ಲೊಂದು ತೊಡಕಿದೆ. ಪಾತ್ರೆಯಿಂದ ಪೆಟ್ಟಿಗೆಯವರೆಗೆ ಹೋಗಿಬರುವ ತಂತಿಗಳಿಗೂ ರೋಧವುಂಟಲ್ಲ! ಅವೆರಡೂ ಸೇರಿ ಒಂದು ಓಮ್ ಆದರೂ ಉಪಕರಣವು ಎರಡೂವರೆ ಡಿಗ್ರಿ ಹೆಚ್ಚಾಗಿ ಓದುವುದು. ಈ ಕಾರಣದಿಂದಲೇ ಮಾಪಕದಿಂದ ಎರಡರ ಬದಲು ಮೂರು ತಂತಿಗಳು ಹೊರಡುವುವು. ಒಂದೇ ತುದಿಗೆ ಬೆಸೆದ ಎರಡು ತಂತಿಗಳ ಸುತ್ತಿನ ರೋಧವನ್ನು ಉಪಕರಣವು ಬೇರೆಯಾಗಿ ಅಳೆದು, ಒಟ್ಟಿನಿಂದ ಕಳೆದುಬಿಡುವುದು. ಮೂರು ತಂತಿಗಳೂ ಒಂದೇ ಉದ್ದ, ಒಂದೇ ದಪ್ಪ ಇದ್ದರೆ ಮಾತ್ರ ಈ ಉಪಾಯ ನಡೆಯುವುದೆಂಬುದನ್ನು ಮರೆಯಬಾರದು.

ಇನ್ನು ಫಲಕದ ಮಿದುಳಿಗೆ ಬರೋಣ. ಇಸ್ತ್ರಿ ಪೆಟ್ಟಿಗೆಯಲ್ಲಿ ಒಂದು ಲೋಹದ ಪಟ್ಟಿ ಬಾಗಿ ಪ್ರವಾಹವನ್ನು ಕಡಿಯುವುದು, ತಣಿದು ನೆಟ್ಟಗಾಗಿ ಮತ್ತೆ ಕೂಡಿಸುವುದು. ಬಟ್ಟೆಗೆ ಅಷ್ಟು ಸಾಕು. ನಮ್ಮ ಪಾತ್ರೆಯಲ್ಲಿ ಹೀಗೆ ಮಾಡಿದರೆ, 67 ಮುಟ್ಟಿದಾಗ ಸುರುಳಿಯ ಪ್ರವಾಹ ನಿಂತರೂ ಅದರ ಮೈಯಲ್ಲಿ ಉಳಿದ ಕಾವೂ ಮಾಪಕವನ್ನು ಇನ್ನೂ ತಲಪದೆ ಇರುವ ಬಿಸಿನೀರೂ ಸೇರಿ ಉಷ್ಣತೆಯನ್ನು ಗುರಿಯಿಂದಾಚೆಗೆ ಒಯ್ಯುವುವು. ಅನಂತರ ಇಳಿಯುವಾಗಲೂ ಅಷ್ಟೇ ತಡ. ಗುರಿಯ ಸುತ್ತ ಉಯ್ಯಾಲೆಯಾಡುವುದೇ ಹೊರತು ನಿಲ್ಲುವುದಿಲ್ಲ.

ಇದಕ್ಕೆ ಪರಿಹಾರ ಹೊಳೆದದ್ದು ಹಡಗಿನಲ್ಲಿ. ರಷ್ಯದಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲಸಿದ ನಿಕೊಲಸ್ ಮಿನೋರ್ಸ್ಕಿಯು ಹಡಗನ್ನು ತಾನಾಗಿ ನಡೆಸುವ ಯಂತ್ರದ ವಿಷಯವಾಗಿ 1922ರಲ್ಲಿ ಒಂದು ಪ್ರಬಂಧವನ್ನು ಪ್ರಕಟಿಸಿದನು. ಅನುಭವಶಾಲಿಯಾದ ಚುಕ್ಕಾಣಿಗನು ಹಡಗು ಈಗ ಎಷ್ಟು ಓರೆಯಾಗಿದೆ ಎಂಬುದೊಂದನ್ನೇ ನೋಡುವುದಿಲ್ಲ. ಎಷ್ಟು ಹೊತ್ತಿನಿಂದ ಓರೆಯಾಗಿಯೇ ಉಳಿದಿದೆ, ಯಾವ ವೇಗದಿಂದ ತಿರುಗುತ್ತಿದೆ ಎಂಬುದನ್ನೂ ಗಣಿಸುತ್ತಾನೆ. ಈ ಮೂರನ್ನೂ ಮಿನೋರ್ಸ್ಕಿ ಗಣಿತಕ್ಕೆ ಇಳಿಸಿದನು. ಅನುಪಾತ, ಸಂಕಲನ, ಅವಕಲನ ಎಂಬ ಮೂರು ಪದಗಳ ಈ ಸೂತ್ರವನ್ನು ಅವುಗಳ ಇಂಗ್ಲಿಷ್ ಹೆಸರುಗಳ ಮೊದಲಕ್ಷರಗಳಿಂದ ಪಿ.ಐ.ಡಿ. ಎನ್ನುತ್ತಾರೆ. ಅಂಗೈಯಗಲದ ಉಪಕರಣವಾಗಿ ಅದು ಇಂದು ಅಂಗಡಿಯಲ್ಲಿ ಸಿಕ್ಕುವುದು.

ಅಂಕಿಗಳಿಂದ ನೋಡಿದರೆ ಇದು ಸ್ಪಷ್ಟವಾಗುವುದು. ಗುರಿಗಿಂತ ಡಿಗ್ರಿಯೊಂದು ಕಡಮೆಯಿದ್ದರೆ ಪೂರ್ಣ ಶಕ್ತಿಯ ನೂರಕ್ಕೆ 10 ಪಾಲು ಕೊಡು ಎಂದು ಅನುಪಾತದ ಪದವನ್ನು ಇಟ್ಟೆವೆನ್ನೋಣ. ಆಗ 57 ಡಿಗ್ರಿಯವರೆಗೆ ಸುರುಳಿ ಪೂರ್ಣವಾಗಿ ಉರಿದು, ಅನಂತರ ಕ್ರಮವಾಗಿ ತಗ್ಗುತ್ತ ಬರುವುದು. ಆದರೆ ಪಾತ್ರೆಯ ಮೈಯಿಂದ ಶಾಖ ಸೋರುತ್ತಲೇ ಇರುವುದು. 67ರಲ್ಲಿ ಅದು 330 ವಾಟ್, ಅಂದರೆ ನಮ್ಮ ಸುರುಳಿಯ ನೂರಕ್ಕೆ 6 ಪಾಲು ಎಂದಿಟ್ಟುಕೊಳ್ಳಿ. ನೂರಕ್ಕೆ 6 ದೊರೆಯಬೇಕಾದರೆ 0.6 ಡಿಗ್ರಿ ಕೊರತೆ ಇದ್ದೇ ತೀರಬೇಕು. ಹೀಗಾಗಿ ಉಷ್ಣತೆಯು 66.4ರಲ್ಲಿ ನಿಂತುಬಿಡುವುದು, ಎಂದಿಗೂ ಗುರಿಯನ್ನು ಮುಟ್ಟದು. ಸಂಕಲನದ ಪದಕ್ಕೆ ಇಲ್ಲಿ ಕೆಲಸ: ಅದು ಆ ಸಣ್ಣ ಕೊರತೆಯನ್ನೇ ಗಳಿಗೆಗಳಿಗೆಗೂ ಕೂಡಿಸುತ್ತ, ಆ ಮೊತ್ತದ ಬಲದಿಂದ ನೂರಕ್ಕೆ 6ನ್ನು ತಾನೇ ಒದಗಿಸಿ ಕೊರತೆಯನ್ನು ತುಂಬುವುದು. ಅವಕಲನದ ಪದವು ಏರಿಕೆಯ ವೇಗವನ್ನು ನೋಡಿ ಮೊದಲೇ ಕಡಿವಾಣ ಹಾಕುವುದು. ಮೂರರ ಪ್ರಮಾಣವನ್ನು ಆರಿಸುವ ಕ್ರಮವೊಂದನ್ನು 1942ರಲ್ಲಿ ಜೀಗ್ಲರ್ ಮತ್ತು ನಿಕಲ್ಸ್ ಎಂಬವರು ಕೊಟ್ಟರು. ಈಗಿನ ಉಪಕರಣಗಳು ಒಂದೆರಡು ಸಲ ತಾವೇ ಉಯ್ಯಾಲೆಯಾಡಿ ನೋಡಿ ಅಂಕಿಗಳನ್ನು ಗೊತ್ತುಮಾಡಿಕೊಳ್ಳುತ್ತವೆ.

ಇಷ್ಟೆಲ್ಲ ಜಾಣತನವೂ ಕುದಿಸುವ ಪಾತ್ರೆಯ ಮುಂದೆ ನಿರುಪಯೋಗವಾಗುವುದು ವಿನೋದವಲ್ಲವೆ? ಸೋಸಿದ ಸಿಹಿರಸಕ್ಕೆ ಹಾಪ್ ಎಂಬ ಬಳ್ಳಿಯ ಹೂಗಳನ್ನು ಹಾಕಿ ಒಂದು ಗಂಟೆ ಕುದಿಸುವರು. ಕುದಿಯುವ ರಸದ ಉಷ್ಣತೆ, ಸುರುಳಿಗೆ ಎಷ್ಟೇ ಶಕ್ತಿ ಕೊಟ್ಟರೂ, ಸುಮಾರು 100 ಡಿಗ್ರಿಯಲ್ಲೇ ಇರುವುದು. ಹೆಚ್ಚು ಕೊಟ್ಟುದೆಲ್ಲ ಆವಿಯಾಗಿ ಹೋಗುವುದು. ಗುರಿಯನ್ನು 101 ಎಂದಿಟ್ಟರೆ ಉಪಕರಣವು ಪೂರ್ಣ ಶಕ್ತಿಯನ್ನು ಸುರಿಯುತ್ತಲೇ ಇದ್ದು ರಸ ಉಕ್ಕಿ ಚೆಲ್ಲುವುದು. 99 ಎಂದಿಟ್ಟರೆ ಕುದಿಯೇ ನಿಲ್ಲಬಹುದು. ಇಲ್ಲಿ ಆಳಬೇಕಾದುದು ಶಕ್ತಿಯನ್ನು, ಉಷ್ಣತೆಯನ್ನಲ್ಲ. ಗಂಟೆಗೆ 4 ಲೀಟರ್ ಆವಿಯಾಗಬೇಕಾದರೆ ಕಿಲೊಗ್ರಾಮಿಗೆ 2,257 ಕಿಲೊಜೌಲಿನಂತೆ ಸುಮಾರು 9,000 ಕಿಲೊಜೌಲ್ ಬೇಕು, ಅದು 2.5 ಕಿಲೊವಾಟಿಗೆ ಸಮ. ಸೋರಿಕೆಯನ್ನೂ ಸೇರಿಸಿದರೆ ಸುರುಳಿಯ ಅರ್ಧದಿಂದ ಅರುವತ್ತು ಪಾಲು ಸಾಕು. ಆದುದರಿಂದ ಕುದಿಸುವ ಪಾತ್ರೆಯ ಉಪಕರಣದಲ್ಲಿ ಕೈಯಿಂದ ಶೇಕಡಾ ಪ್ರಮಾಣವನ್ನು ಗೊತ್ತುಮಾಡುವ ಏರ್ಪಾಡು ಇರಲೇಬೇಕು. ಹೊಸಬರು ಈ ಒಂದು ವಿಷಯವನ್ನು ಗಮನಿಸದೆ ಅಗ್ಗದ ಉಪಕರಣವನ್ನು ಕೊಂಡು ಪೇಚಾಡುವುದುಂಟು.

ನೂರಕ್ಕೆ 40 ಶಕ್ತಿಯೆಂದರೆ ಪ್ರವಾಹವನ್ನು ತೆಳುಮಾಡುವುದಲ್ಲ. ಎರಡು ಸೆಕೆಂಡಿನ ಒಂದೊಂದು ಆವರ್ತದಲ್ಲಿ 0.8 ಸೆಕೆಂಡು ಪೂರ್ಣವಾಗಿ ಹರಿಸಿ, ಉಳಿದ 1.2 ಸೆಕೆಂಡು ಪೂರ್ಣವಾಗಿ ನಿಲ್ಲಿಸುವುದು. ಇಷ್ಟು ಬೇಗಬೇಗ ಬಡಿದರೆ ಸಾಮಾನ್ಯ ರಿಲೇಯ ಲೋಹದ ತುದಿಗಳು ಬೇಗನೆ ಸವೆದುಹೋಗುವುವು. ಅದಕ್ಕಾಗಿ ಚಲಿಸುವ ಭಾಗಗಳೇ ಇಲ್ಲದ ಅರೆವಾಹಕದ ರಿಲೇಯನ್ನು ಬಳಸುವರು. ಅದರಲ್ಲಿ ಹರಿಯುವಾಗ ಪ್ರವಾಹವು ಒಂದೂಕಾಲು ವೋಲ್ಟಿನಷ್ಟನ್ನು ಕಳೆದುಕೊಳ್ಳುವುದು. 23 ಆಂಪೇರಿನಲ್ಲಿ ಅದು ಸುಮಾರು 30 ವಾಟ್ ಶಾಖ. ಬೆಸುಗೆ ಹಾಕುವ ಸಣ್ಣ ಕಡ್ಡಿಯೊಂದನ್ನು ಮುಚ್ಚಿದ ಪೆಟ್ಟಿಗೆಯಲ್ಲಿ ಗಂಟೆಗಟ್ಟಲೆ ಉರಿಸಿಟ್ಟಂತೆ! ಅಲ್ಯುಮಿನಿಯಮಿನ ರೆಕ್ಕೆಗಳಿರುವ ಶಾಖವಾಹಕವನ್ನು ಪೆಟ್ಟಿಗೆಯ ಹೊರಮೈಗೆ ಬಿಗಿಯದಿದ್ದರೆ ರಿಲೇ ಬಾಳುವುದಿಲ್ಲ.

ಅದು ಕೆಡುವ ರೀತಿಯೂ ಕೇಡಿನದೇ. ದೀಪದ ಬಲ್ಬು ಕೆಟ್ಟರೆ ಆರುವುದು. ಅರೆವಾಹಕದ ರಿಲೇ ಕೆಟ್ಟಾಗ ಹೆಚ್ಚಿನ ಪಾಲು ಸೇರಿದ ಸ್ಥಿತಿಯಲ್ಲೇ ಅಂಟಿಕೊಳ್ಳುವುದು. ಮಿದುಳು ಬೇಡವೆಂದರೂ ಸುರುಳಿ ಉರಿಯುತ್ತಲೇ ಇರುವುದು. ಇನ್ನೊಂದು ಸಂಗತಿ ಅಮೆರಿಕಕ್ಕೇ ವಿಶೇಷವಾದುದು. ನಮ್ಮ ಮನೆಗಳ 230 ವೋಲ್ಟಿನಲ್ಲಿ ಒಂದು ತಂತಿ ಜೀವಂತ, ಇನ್ನೊಂದು ತಟಸ್ಥ. ಅಲ್ಲಿಯ 240 ವೋಲ್ಟಿನಲ್ಲಿ ಎರಡು ತಂತಿಗಳೂ ಜೀವಂತ. ಒಂದೊಂದೂ ಭೂಮಿಗೆ 120 ವೋಲ್ಟ್, ಪರಸ್ಪರ ವಿರುದ್ಧ ಹಂತಗಳಲ್ಲಿರುವುದರಿಂದ ಅವುಗಳ ನಡುವೆ 240. ರಿಲೇ ಕಡಿಯುವುದು ಒಂದನ್ನು ಮಾತ್ರ. ಹಾಗಾದರೆ ಸುರುಳಿ ತಣ್ಣಗಿದ್ದು, ದೀಪ ಆರಿದ್ದು, ಅಂಕಿ ಸೊನ್ನೆ ತೋರುತ್ತಿದ್ದರೂ, ಸುರುಳಿಯನ್ನು ಮುಟ್ಟಿದವನಿಗೆ 120 ವೋಲ್ಟಿನ ಹೊಡೆತ ಕಾದಿರುವುದು. ಆದುದರಿಂದ ರಿಲೇಯ ಹಿಂದೆ ಎರಡು ತಂತಿಗಳನ್ನೂ ಒಟ್ಟಿಗೆ ಕಡಿಯುವ ಕಂಟಾಕ್ಟರು ಇರಬೇಕು. ಖರ್ಚು ಉಳಿಸಲು ಇದನ್ನು ಬಿಟ್ಟ ನಕ್ಷೆಗಳನ್ನು ನಾವು ಒಪ್ಪುವುದಿಲ್ಲ.

ಕಂಟಾಕ್ಟರೆಂದರೆ ನಮ್ಮ ರೈತರಿಗೆ ಹೊಸದೇನಲ್ಲ. ತೋಟದ ಪಂಪುಸೆಟ್ಟಿನ ಸ್ಟಾರ್ಟರಿನಲ್ಲಿ ಹಸಿರು ಗುಂಡಿಯನ್ನು ಒತ್ತಿದರೆ ಖಟ್ ಎಂದು ಕೂಡಿಕೊಳ್ಳುವುದು ಅದೇ. ಹಸಿರು ಗುಂಡಿಯು ಒಂದು ವಿದ್ಯುದಯಸ್ಕಾಂತಕ್ಕೆ ಪ್ರವಾಹ ಕೊಡುವುದು. ಅಯಸ್ಕಾಂತ ಸೆಳೆದಾಗ ಮುಖ್ಯ ತಂತಿಗಳ ಜೊತೆಗೆ ಇನ್ನೊಂದು ಪುಟ್ಟ ಸಂಪರ್ಕವೂ ಕೂಡಿ, ಗುಂಡಿಯನ್ನು ಬಿಟ್ಟ ಮೇಲೂ ಅಯಸ್ಕಾಂತಕ್ಕೆ ಪ್ರವಾಹ ಒದಗಿಸುವುದು. ಕೆಂಪು ಗುಂಡಿ ಈ ಹಾದಿಯನ್ನು ಕಡಿಯುವುದು. ಕರೆಂಟು ಹೋದರೆ ತಾನಾಗಿ ಬಿಟ್ಟುಕೊಳ್ಳುವುದು. ಮತ್ತೆ ಬಂದರೂ ಯಾರಾದರೂ ಒತ್ತುವವರೆಗೆ ಸುಮ್ಮನಿರುವುದು. ರಾತ್ರಿ ಯಾವ ಹೊತ್ತಿಗೋ ಕರೆಂಟು ಬಂದಾಗ ಪಂಪು ತಾನೇ ಓಡಲೆಂದು ರೈತರು ಆಟೊ ಸ್ಟಾರ್ಟರನ್ನು ಕೂಡಿಸುವರು. ಅವರ ಕಷ್ಟ ಅವರಿಗೆ. ಬಿಯರಿನ ಫಲಕದಲ್ಲಿ ಆ ಅನುಕೂಲವೇ ಅಪಾಯ. ಪಾತ್ರೆ ಬರಿದಾಗಿರುವಾಗ ಸುರುಳಿಗೆ ಪ್ರವಾಹ ಬಂದರೆ ನೀರಿಲ್ಲದೆ ಅದು ಕೆಂಪಗೆ ಕಾದು ಕ್ಷಣಗಳಲ್ಲಿ ಸುಟ್ಟುಹೋಗಬಹುದು. ಜಾಣರಾದ ರಚನೆಗಾರರು ಹಸಿರು ಗುಂಡಿಯ ಹಾದಿಯಲ್ಲಿ ಸುರುಳಿಯ ಗುಬ್ಬಿಯ ಸಂಪರ್ಕವೊಂದನ್ನು ಸರಣಿಯಲ್ಲಿ ಸೇರಿಸುತ್ತಾರೆ. ಗುಬ್ಬಿ ನಡುಸ್ಥಾನದಲ್ಲಿ ಇಲ್ಲದಿದ್ದರೆ ಫಲಕವೇ ಎಚ್ಚರಗೊಳ್ಳುವುದಿಲ್ಲ.

ಒದ್ದೆ ನೆಲ, ಲೋಹದ ಪಾತ್ರೆ, ಬರಿಗೈ: ಇಷ್ಟು ಕೂಡಿದ ಕಡೆ ಫ್ಯೂಸನ್ನು ನಂಬುವಂತಿಲ್ಲ. 30 ಆಂಪೇರಿನ ಫ್ಯೂಸು ಕರಗುವುದು ಅದಕ್ಕೂ ಹೆಚ್ಚಿನ ಪ್ರವಾಹಕ್ಕೆ; ಮನುಷ್ಯನ ಎದೆಯನ್ನು ನಿಲ್ಲಿಸಲು ಅದರ ಸಾವಿರದಲ್ಲೊಂದು ಪಾಲಿನ ಆಸುಪಾಸು ಸಾಕಾಗಬಹುದು. ಆದಕಾರಣ ಫಲಕಕ್ಕೆ ಬರುವ ಹಾದಿಯಲ್ಲಿಯೇ ಭೂಸೋರಿಕೆಯನ್ನು ಕಾಯುವ ಸ್ವಿಚ್ಚು ಇರಬೇಕು. ಒಂದು ಅಯಸ್ಕಾಂತದ ಉಂಗುರದೊಳಗಿನಿಂದ ಎಲ್ಲ ತಂತಿಗಳೂ ಹಾದುಹೋಗುವುವು. ಹೋದಷ್ಟೇ ಪ್ರವಾಹ ಮರಳಿದರೆ ಅವುಗಳ ಕಾಂತಪ್ರಭಾವಗಳು ಒಂದನ್ನೊಂದು ಅಳಿಸಿ ಉಂಗುರ ಸುಮ್ಮನಿರುವುದು. ಸ್ವಲ್ಪ ಪಾಲು ಯಾರದೋ ಮೈಯಿಂದ ನೆಲಕ್ಕೆ ಹರಿದರೆ ಸಮತೋಲ ತಪ್ಪಿ, ಉಂಗುರದ ಮೇಲೆ ಸುತ್ತಿದ ಸುರುಳಿಯಲ್ಲಿ ವಿದ್ಯುತ್ತು ಹುಟ್ಟಿ, ಸ್ವಿಚ್ಚು ಕಳಚಿಕೊಳ್ಳುವುದು. ಅಮೆರಿಕದಲ್ಲಿ ಜನರ ರಕ್ಷಣೆಗೆ ಇಡುವ ಸ್ವಿಚ್ಚು 4ರಿಂದ 6 ಮಿಲಿಆಂಪೇರಿಗೆ ಕಳಚುವುದು. ನಮ್ಮ ಮನೆಗಳಲ್ಲಿ ಆರ್.ಸಿ.ಸಿ.ಬಿ. ಎಂದು ಕರೆಯುವ ಸ್ವಿಚ್ಚು ಸಾಮಾನ್ಯವಾಗಿ 30ಕ್ಕೆ. ಆದರೆ ಒಬ್ಬನು ಎರಡು ಕೈಗಳಿಂದ ಎರಡು ಜೀವಂತ ತಂತಿಗಳನ್ನೂ ಹಿಡಿದರೆ, ಹೋದದ್ದೆಲ್ಲ ಮರಳುತ್ತಿರುವುದರಿಂದ, ಉಂಗುರಕ್ಕೆ ಅವನೂ ಒಂದು ಕಾಯಿಸುವ ಸುರುಳಿಯೇ. ಮುಚ್ಚಳವನ್ನು ತೆಗೆಯುವ ಮೊದಲು ಗೋಡೆಯ ಪ್ಲಗ್ಗನ್ನೇ ಕಿತ್ತಿಡಬೇಕೆಂಬುದು ಇದರಿಂದ. ಪಾತ್ರೆಗಳನ್ನೂ ಪೆಟ್ಟಿಗೆಯ ಮುಚ್ಚಳವನ್ನೂ ಬೇರೆ ಬೇರೆಯಾಗಿ ಭೂತಂತಿಗೆ ಜೋಡಿಸಬೇಕು. ಮುಚ್ಚಳದ ಕೀಲುಗಳು ಒಳ್ಳೆಯ ವಾಹಕಗಳಲ್ಲ.

ಎಲ್ಲವನ್ನೂ ಜೋಡಿಸಿದ ಮೇಲೆ ಮೊದಲ ಪರೀಕ್ಷೆಯನ್ನು ಸುರುಳಿಯಿಂದ ಮಾಡಬಾರದು. 120 ವೋಲ್ಟಿನ, ಒಂದೇ ವಾಟಿನ ಎರಡು ಹಳೆಯ ತಂತಿಬಲ್ಬುಗಳನ್ನು ಸರಣಿಯಲ್ಲಿ ಕಟ್ಟಿ ಸುರುಳಿಯ ಬದಲು ಇಟ್ಟರೆ, ಮಿದುಳು ನೂರಕ್ಕೆ 40 ಎಂದಾಗ ಅವು ಮಿನುಗುವುದನ್ನು ಕಣ್ಣಾರೆ ನೋಡಬಹುದು. ಬಲ್ಬುಗಳನ್ನು ಕಟ್ಟದೆ ಬರಿಯ ಮೀಟರಿನಿಂದ ಅಳೆಯಹೋದವರಿಗೆ ರಿಲೇ ಆರಿದಾಗಲೂ 240ರ ಹತ್ತಿರದ ಅಂಕಿ ಕಂಡು ಗಾಬರಿಯಾಗುವುದುಂಟು. ಅರೆವಾಹಕದ ರಿಲೇ ಆರಿದಾಗಲೂ ಕೆಲವು ಮಿಲಿಆಂಪೇರುಗಳನ್ನು ಸೋರಬಿಡುವುದು. ಮೀಟರಿನ ರೋಧ ಬಹಳ ಹೆಚ್ಚಾದ ಕಾರಣ ಅಷ್ಟೇ ಸೋರಿಕೆಗೆ ಅದು ಪೂರ್ಣ ವೋಲ್ಟೇಜನ್ನು ತೋರುವುದು. ಬಲ್ಬನ್ನು ಕೂಡಿಸಿದೊಡನೆ ಆ ಅಂಕಿ ಬಿದ್ದುಹೋಗುವುದು.

ಅನಂತರ ಬರಿಯ ನೀರಿನಿಂದ ಒಂದು ದಿನ. ಮೂವತ್ತು ಲೀಟರ್ ತುಂಬಿ, ಪಂಪನ್ನು ಓಡಿಸಿ, ಗುರಿಯನ್ನು 67ಕ್ಕಿಟ್ಟು, ನಿಮಿಷನಿಮಿಷಕ್ಕೂ ಅಂಕಿಯನ್ನು ಬರೆದುಕೊಂಡು ಗ್ರಾಫ್ ಕಾಗದದ ಮೇಲೆ ಗುರುತಿಸಬೇಕು. ರೇಖೆಯು ಮೊದಲು ನೆಟ್ಟಗೆ ಏರುವುದು. ಅದರ ಓಟದಿಂದಲೇ ಸುರುಳಿಯ ನಿಜವಾದ ಶಕ್ತಿಯನ್ನು ಲೆಕ್ಕಹಾಕಿ ತಯಾರಕರು ಬರೆದಿರುವ 5,500ಕ್ಕೆ ಹೋಲಿಸಿ ನೋಡಬಹುದು. ಆಮೇಲೆ ರೇಖೆ ಬಾಗಿ, ಗುರಿಯನ್ನು ಸ್ವಲ್ಪ ದಾಟಿ, ಮರಳಿ ಬಂದು ನೆಲೆಗೊಳ್ಳುವುದು. ಬಹಳವಾಗಿ ದಾಟಿದರೆ ಸಂಕಲನದ ಪದವನ್ನು ತಗ್ಗಿಸಬೇಕು. ಏಕೆಂದರೆ 20 ಡಿಗ್ರಿಯಿಂದ ಏರುವ ಆ ಹದಿನೆಂಟು ನಿಮಿಷಗಳ ಕೊರತೆಯನ್ನೆಲ್ಲ ಅದು ಕೂಡಿಟ್ಟುಕೊಂಡು ಬಂದಿರುವುದು, ಆ ಹಳೆಯ ಸಾಲ ತೀರುವವರೆಗೆ ಸುರುಳಿಯನ್ನು ಬಿಡುವುದಿಲ್ಲ.